ಬೈಯುವವರ ಮೈಕಿನ ಮುಂದೆ ಕೂತರೆ ಯಾರಿಗೆ ಲಾಭ?

ಇವತ್ತಿನ ವಿಷಯ ಒಂದು ಪ್ರಶ್ನೆ. ನೀವು ಚುನಾವಣೆಗೆ ನಿಂತಿರೋ ರಾಜಕಾರಣಿ ಅಂದ್ಕೊಳ್ಳಿ. ಒಬ್ಬ ರೇಡಿಯೋ ನಿರೂಪಕ ದಿನಾ ಬೆಳಗ್ಗೆ ನಿಮ್ಮನ್ನು ಆಡಿಕೊಂಡು ನಗ್ತಾನೆ. ಅವನ ಶೋಗೆ ಹೋಗ್ತೀರಾ, ಅಥವಾ ಅವನ ಸಹವಾಸವೇ ಬೇಡ ಅಂತ ದೂರ ಇರ್ತೀರಾ?

ನಾನು ಕಾಮರ್ಸ್ ಓದಿದವನು, ಎಲ್ಲದಕ್ಕೂ ಲಾಭ-ನಷ್ಟದ ಲೆಕ್ಕ ಹಾಕೋ ಚಟ. ಈ ಲೆಕ್ಕಕ್ಕೆ ಅಮೆರಿಕದ ಬಿಲ್ ಕ್ಲಿಂಟನ್ ಒಳ್ಳೆ ಉದಾಹರಣೆ. ಯಾಕಂದ್ರೆ ಅವರು ಎರಡು ದಾರಿಯನ್ನೂ ಹಿಡಿದು ನೋಡಿದವರು.

ಮೊದಲು 1992ರ ಏಪ್ರಿಲ್‌ಗೆ ಹೋಗೋಣ. ಕ್ಲಿಂಟನ್ ಆಗ ಅರ್ಕಾನ್ಸಾಸ್ ರಾಜ್ಯದ ಗವರ್ನರ್. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಗೋಕೆ ನ್ಯೂಯಾರ್ಕ್ ಪ್ರೈಮರಿ ಗೆಲ್ಲಬೇಕಿತ್ತು. ಅಲ್ಲಿನ ರೇಡಿಯೋದಲ್ಲಿ ಡಾನ್ ಐಮಸ್ ಅಂತ ಒಬ್ಬ ನಿರೂಪಕ. ನಾಲಿಗೆ ಹರಿತ. ಕ್ಲಿಂಟನ್‌ರನ್ನು 'ಬಬ್ಬಾ' ಅಂತ ಕರೆದು ಗೇಲಿ ಮಾಡ್ತಿದ್ದ. ದಕ್ಷಿಣದ ಹಳ್ಳಿಗಮಾರ ಅನ್ನೋ ಧಾಟಿ ಅದು. ಕ್ಲಿಂಟನ್ ಸಿಟ್ಟಾಗಲಿಲ್ಲ. ಅದೇ ಶೋಗೆ ಫೋನಲ್ಲಿ ಬಂದು, ಆ ಅಡ್ಡಹೆಸರಿನ ಮೇಲೆ ತಾವೇ ಜೋಕ್ ಹೊಡೆದು ನಕ್ಕರು. ಏಪ್ರಿಲ್ 7ರ ಪ್ರೈಮರಿಯಲ್ಲಿ ಗೆದ್ದರು, ನವೆಂಬರ್‌ನಲ್ಲಿ ಅಧ್ಯಕ್ಷರೂ ಆದರು. ಒಂದು ಫೋನ್ ಕಾಲ್‌ನಿಂದಲೇ ಗೆದ್ದರು ಅಂತ ನಾನು ಹೇಳಲ್ಲ. ಆದ್ರೆ ಪತ್ರಿಕೆಗಳಲ್ಲಿ ಬರೀ ಹಗರಣದ ಸುದ್ದಿ ಓದಿದ್ದ ಜನರಿಗೆ, ನಗೋಕೆ ಬರೋ ಒಬ್ಬ ಮನುಷ್ಯನ ದನಿ ಕೇಳಿಸಿತು.

ಈಗ ಎರಡು ವರ್ಷ ಮುಂದೆ ಬನ್ನಿ. ಅಮೆರಿಕದಲ್ಲಿ ರೇಡಿಯೋ, ಟಿವಿಗಳು ವಿವಾದದ ವಿಷಯಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿಗೂ ಜಾಗ ಕೊಡಬೇಕು ಅನ್ನೋ ನಿಯಮ ಇತ್ತು. ಹೆಸರು ಫೇರ್‌ನೆಸ್ ಡಾಕ್ಟ್ರಿನ್. 1987ರಲ್ಲಿ ಅದನ್ನು ಕೈಬಿಟ್ಟರು. ಮರುವರ್ಷವೇ ರಶ್ ಲಿಂಬಾ ಅನ್ನೋ ನಿರೂಪಕನ ರಾಷ್ಟ್ರವ್ಯಾಪಿ ಶೋ ಶುರುವಾಯ್ತು. ದಿನಕ್ಕೆ ಮೂರು ಗಂಟೆ, ಕ್ಲಿಂಟನ್ ಅಧ್ಯಕ್ಷರಾದ ಮೇಲಂತೂ ಹೆಚ್ಚಿನ ಪಾಲು ಅವರಿಗೇ ಬೈಗುಳ. 1994ರ ಜೂನ್‌ನಲ್ಲಿ ಕ್ಲಿಂಟನ್ ತಮ್ಮ ವಿಮಾನದಿಂದಲೇ ಸೇಂಟ್ ಲೂಯಿಸ್‌ನ ಕೆಎಂಒಎಕ್ಸ್ ರೇಡಿಯೋಗೆ ಮಾತಾಡಿದರು. ಲಿಂಬಾಗೆ ಮೂರು ಗಂಟೆ ಸಿಗುತ್ತೆ, ಉತ್ತರ ಕೊಡೋಕೆ ನನಗೆ ಅವಕಾಶವೇ ಇಲ್ಲ ಅಂತ ಅಲ್ಲಿ ದೂರಿದರು. ಆಗಿದ್ದೇನು? ಆ ದೂರೇ ಲಿಂಬಾ ಶೋಗೆ ಹೊಸ ಸರಕಾಯ್ತು. ಆ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷ 40 ವರ್ಷಗಳಿಂದ ಹಿಡಿದಿದ್ದ ಕೆಳಮನೆಯ ಬಹುಮತ ಕಳ್ಕೊಂಡಿತು. ಸೋಲಿಗೆ ಕಾರಣ ಹತ್ತಾರು. ಆದ್ರೆ ಗೆದ್ದು ಬಂದ ಹೊಸ ರಿಪಬ್ಲಿಕನ್ ಸದಸ್ಯರು ಲಿಂಬಾಗೆ ಗೌರವ ಸದಸ್ಯತ್ವ ಕೊಟ್ಟರು ಅನ್ನೋದೇ ಆ ಶೋನ ತೂಕ ಹೇಳುತ್ತೆ.

ಮೊದಲ ಸಲ ಅವರು ಬೈಯೋ ಮನೆಯೊಳಗೇ ಹೋಗಿ ಕೂತರು. ಎರಡನೇ ಸಲ ಪಕ್ಕದ ಮನೆಯವರ ಹತ್ರ ಚಾಡಿ ಹೇಳಿದರು. ನನ್ನ ಪ್ರಕಾರ ಒಳಗೆ ಹೋಗೋದ್ರಲ್ಲಿ ಎರಡು ಲಾಭ ಇದೆ. ಒಂದು, ನಿರೂಪಕ ಬೇರೆ, ಕೇಳುಗರು ಬೇರೆ. ನಿರೂಪಕನ ಮನಸ್ಸು ಬದಲಾಗಲ್ಲ, ಬಿಡಿ. ಆದ್ರೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡು ಸುಮ್ಮನೆ ರೇಡಿಯೋ ಹಾಕಿರೋನಿಗೆ ಅಷ್ಟು ಹಟ ಇರಲ್ಲ. ಎರಡು, ಬೆನ್ನ ಹಿಂದೆ ಬೈಯೋದು ಸುಲಭ. ಎದುರಿಗೆ ಕೂತವನಿಗೆ ಅದೇ ಮಾತು ಹೇಳುವಾಗ ದನಿ ಸ್ವಲ್ಪ ಇಳಿಯುತ್ತೆ, ಆಧಾರ ಬೇಕಾಗುತ್ತೆ.

ಹಾಗಂತ ಇದು ಮತ ತರೋ ಮಂತ್ರ ಅಲ್ಲ. ಬ್ರಿಟನ್‌ನ ಉಪಪ್ರಧಾನಿ ಆಗಿದ್ದ ನಿಕ್ ಕ್ಲೆಗ್ ನೋಡಿ. ವಿಶ್ವವಿದ್ಯಾಲಯದ ಶುಲ್ಕ ಏರಿಸಲ್ಲ ಅಂತ ಮಾತು ಕೊಟ್ಟು ತಪ್ಪಿದವರು. 2013ರ ಜನವರಿಯಿಂದ ವಾರ ವಾರವೂ ಲಂಡನ್ನಿನ ಎಲ್‌ಬಿಸಿ ರೇಡಿಯೋದಲ್ಲಿ ಕೂತು ಕೇಳುಗರ ಫೋನ್ ತಗೊಂಡರು. ನಿರೂಪಕ ನಿಕ್ ಫೆರಾರಿ ಮುಲಾಜಿಲ್ಲದೆ ಕೇಳೋ ಮನುಷ್ಯ. ಕ್ಲೆಗ್‌ಗೆ ಧೈರ್ಯ ಇದೆ ಅಂತ ಹೊಗಳಿದವರೂ ಇದ್ದರು. ಆದ್ರೂ 2015ರ ಚುನಾವಣೆಯಲ್ಲಿ ಅವರ ಪಕ್ಷ 57 ಸೀಟಿಂದ 8ಕ್ಕೆ ಇಳೀತು. ಮುರಿದ ಮಾತಿನ ಸಾಲವನ್ನು ಬರೀ ಮಾತಲ್ಲಿ ತೀರಿಸೋಕೆ ಆಗಲ್ಲ.

ಆದ್ರೆ ಹೋಗದೇ ಇದ್ದರೂ ಖರ್ಚಿದೆ. ಲಿಜ್ ಟ್ರಸ್ 2022ರಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದಾಗ ಬಿಬಿಸಿಯ ನಿಕ್ ರಾಬಿನ್ಸನ್ ಜೊತೆಗಿನ ಸಂದರ್ಶನ ರದ್ದು ಮಾಡಿದರು. ಪ್ರಧಾನಿಯಾಗಿ, ಮಿನಿ ಬಜೆಟ್ ಗಲಾಟೆ ಆದ ಮೇಲೆ, ಸೆಪ್ಟೆಂಬರ್ 29ರ ಬೆಳಗ್ಗೆ ಬಿಬಿಸಿಯ ಎಂಟು ಸ್ಥಳೀಯ ರೇಡಿಯೋಗಳಿಗೆ ಒಂದಾದ ಮೇಲೊಂದು ಸಂದರ್ಶನ ಕೊಟ್ಟರು. ಆ ನಿರೂಪಕರು ಕೇಳಿದ್ದು ಮನೆಸಾಲದ ಕಂತು, ಕರೆಂಟ್ ಬಿಲ್ಲಿನಂಥ ತಮ್ಮೂರಿನವರ ಪ್ರಶ್ನೆಗಳನ್ನೇ. ಉತ್ತರದ ಜಾಗದಲ್ಲಿ ಹಲವು ಕಡೆ ಮೌನ ಕೇಳಿಸಿತು. ಮೂರು ವಾರದಲ್ಲಿ ರಾಜೀನಾಮೆ ಘೋಷಿಸಿದರು. ಗರಡಿ ಮನೆಗೆ ಹೋಗದವರು ಅಖಾಡದಲ್ಲಿ ಮೊದಲ ಪಟ್ಟಿಗೇ ಬೀಳ್ತಾರೆ.

ನಮ್ಮಲ್ಲಿ? ಭಾರತದಲ್ಲಿ ಖಾಸಗಿ ಎಫ್ಎಂಗಳು ಸ್ವಂತ ಸುದ್ದಿ ಮಾಡೋ ಹಾಗಿಲ್ಲ, ಆಕಾಶವಾಣಿಯ ವಾರ್ತೆಯನ್ನೇ ಮರುಪ್ರಸಾರ ಮಾಡಬೇಕು. ಅದಕ್ಕೇ ಇಂಥ ಶೋಗಳು ನಮ್ಮ ರೇಡಿಯೋದಲ್ಲಿ ಬೆಳೀಲಿಲ್ಲ. ಆ ಜಾಗಕ್ಕೆ ಯೂಟ್ಯೂಬ್ ಮತ್ತು ಪಾಡ್‌ಕಾಸ್ಟ್ ಬಂದಿವೆ. ಆದ್ರೆ ಅಲ್ಲೂ ರಾಜಕಾರಣಿಗಳಿಗೆ ಬಹುತೇಕ ಬೀಗರ ಉಪಚಾರ. ಬಾಲ್ಯ ಹೇಗಿತ್ತು ಸರ್, ಇಷ್ಟದ ತಿಂಡಿ ಯಾವುದು ಮೇಡಂ. ಈ ತಪ್ಪು ನಮ್ಮಂಥ ಪಾಡ್‌ಕಾಸ್ಟರ್‌ಗಳದ್ದೂ ಹೌದು.

ಹಾಗಾಗಿ ನಿಮಗೊಂದು ಕೆಲಸ. ನಿಮ್ಮ ಮೆಚ್ಚಿನ ನಾಯಕರ ಹೆಸರು ಹಾಕಿ ಹುಡುಕಿ. ಅವರನ್ನು ಇಷ್ಟಪಡದ ಒಬ್ಬರ ಎದುರು ಅರ್ಧ ಗಂಟೆ ಕೂತು ಉತ್ತರ ಕೊಟ್ಟಿರೋ ಒಂದು ಸಂದರ್ಶನ ಸಿಗುತ್ತಾ ನೋಡಿ. ಸಿಕ್ಕಿದ್ರೆ ಪೂರ್ತಿ ಕೇಳಿ. ಸಿಗದಿದ್ರೆ, ಮುಂದಿನ ಸಲ ಅವರು ವೋಟು ಕೇಳೋಕೆ ನಿಮ್ಮ ಬೀದಿಗೆ ಬಂದಾಗ ಯಾಕೆ ಅಂತ ಕೇಳಿ. ಮುಂದಿನ ವಾರ ಸಿಗೋಣ.