ನೆಲದ ನಂಬಿಕೆ, ಮನೆಯ ಹೊಣೆ



ರಾಜ್ಯೋತ್ಸವದ ಜೊತೆಗೆ ಡಲ್ಲಾಸಿನ ಕನ್ನಡಿಗರಾದ ನಾವು ಪುಸ್ತಕ ಮೇಳ ಮಾಡುತ್ತೇವೆ, ಚಿತ್ರಕಲೆಯ ಪ್ರದರ್ಶನ ಮಾಡುತ್ತೇವೆ. ಈ ಸಲ ನಮ್ಮ ಕನ್ನಡ ತರಗತಿಯ ಮಕ್ಕಳು ಪ್ರದರ್ಶನದ ವಿಷಯವಾಗಿ ಭೂಕಂಪವನ್ನು ಆರಿಸಿಕೊಂಡಿದ್ದಾರೆ. ಕಲ್ಲುಗೋಡೆಯ ಮಾದರಿಗಳನ್ನು ಕಟ್ಟಿದ್ದಾರೆ, ಅವುಗಳನ್ನು ಅಲ್ಲಾಡಿಸಿ ತೋರಿಸುವ ಮೇಜು ಮಾಡಿದ್ದಾರೆ, ನಕಾಶೆಗಳನ್ನು ಬರೆದಿದ್ದಾರೆ. ಭೂಕಂಪ ಎಂದರೆ ಜಪಾನ್, ಕ್ಯಾಲಿಫೋರ್ನಿಯಾ; ಟೆಕ್ಸಸ್‌ನಲ್ಲಿರುವ ಕನ್ನಡಿಗರಿಗೆ ಅದರ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಅನ್ನಿಸುವುದು ಸಹಜ. ನಾವು ಹುಟ್ಟಿದ ದಖನ್ನಿನ ನೆಲವೂ ಗಟ್ಟಿ ನೆಲವೆಂದೇ ಹೆಸರಾದದ್ದು, ನಾವು ಬದುಕುತ್ತಿರುವ ಈ ನೆಲವೂ ಹಾಗೆಯೇ. ಆ ನಂಬಿಕೆ ಎರಡೂ ಕಡೆ ಎಷ್ಟು ದುಬಾರಿಯಾಯಿತು ಎಂಬುದನ್ನು ಹೇಳಲು ನಾನು ಇಲ್ಲಿ ನಿಂತಿದ್ದೇನೆ.

1993ರ ಸೆಪ್ಟೆಂಬರ್ 30. ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಮುಗಿಸಿ ಜನ ತಡರಾತ್ರಿ ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಕೆಳಗೆ ನೆಲ ಬಿರಿಯಿತು. ತೀವ್ರತೆ ಸುಮಾರು 6.2. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಊರಿಗೆ ಊರೇ ಕಲ್ಲುಮಣ್ಣಿನ ರಾಶಿಯಾಯಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಇದು ನಮಗೆ ದೂರದ ಸುದ್ದಿಯಲ್ಲ. ಕಿಲ್ಲಾರಿಯ ಪಕ್ಕದ ಉಮರ್ಗಾ ಸೀಮೆ ಕನ್ನಡದ ಮಾತೂ ಕೇಳಿಬರುವ ಗಡಿನಾಡು. ಅಲ್ಲಿಂದ ಬಸವಕಲ್ಯಾಣ, ಆಳಂದ ದೂರವಿಲ್ಲ. ಬೀದರ್, ಕಲಬುರಗಿ ಜಿಲ್ಲೆಗಳಲ್ಲೂ ಅಂದು ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿ ಬಂದಿದ್ದರು.

ನೆಲ ಅಲ್ಲೇಕೆ ಬಿರಿಯಿತು? ನಮ್ಮ ಭೂಖಂಡದ ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತ ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡದ ಬಹುಪಾಲು ಹಿಮಾಲಯದ ಬುಡದಲ್ಲಿ ಬಿಡುಗಡೆಯಾಗುತ್ತದೆ. ಉಳಿದದ್ದು ಫಲಕದ ಒಡಲಲ್ಲಿ, ಕೋಟ್ಯಂತರ ವರ್ಷಗಳಿಂದ ಮುಚ್ಚಿಕೊಂಡಿರುವ ಹಳೆಯ ಬಿರುಕುಗಳಲ್ಲಿ ಸೇರಿಕೊಳ್ಳುತ್ತ ಹೋಗುತ್ತದೆ. ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಹೊದಿಕೆಯ ಕೆಳಗೆ ಅಂಥ ಬಿರುಕುಗಳು ಎಲ್ಲೆಲ್ಲಿವೆ ಎಂಬುದು ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಆ ಕಾಲದ ಭೂಕಂಪ ನಕಾಶೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೆಯ ವಲಯದಲ್ಲಿ. ಎಂದರೆ ಅಪಾಯ ಅತ್ಯಂತ ಕಡಿಮೆ ಎಂದು ಗುರುತು ಹಾಕಿದ ಜಾಗದಲ್ಲಿ. 1992ರಲ್ಲೇ ಅಲ್ಲಿ ಸಣ್ಣ ಕಂಪನಗಳು ಶುರುವಾಗಿದ್ದವು, ಜನ ಹೆದರಿದ್ದರು. ಆದರೆ ಎಚ್ಚರಿಕೆ ಕೊಟ್ಟ ನೆಲಕ್ಕಿಂತ ಅಭಯ ಕೊಟ್ಟ ನಕಾಶೆಯ ಮಾತೇ ಗೆದ್ದಿತು. 2002ರಲ್ಲಿ ಭಾರತದ ನಕಾಶೆಯನ್ನು ತಿದ್ದಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಕಿಲ್ಲಾರಿಯ ಪ್ರದೇಶ ಮೂರನೆಯ ವಲಯಕ್ಕೆ ಸೇರಿತು.

ಈಗ ನಾನು ಬಹು ಮುಖ್ಯವೆಂದು ತಿಳಿದಿರುವ ಮಾತಿಗೆ ಬರುತ್ತೇನೆ. ಕಿಲ್ಲಾರಿಗೆ ನಾಲ್ಕು ವರ್ಷ ಮೊದಲು, 1989ರ ಅಕ್ಟೋಬರ್ 17ರಂದು, ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯಲ್ಲಿ 6.9 ತೀವ್ರತೆಯ ಭೂಕಂಪವಾಯಿತು. ಅದು ಬಿಡುಗಡೆ ಮಾಡಿದ ಶಕ್ತಿ ಕಿಲ್ಲಾರಿಯದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದು. ಅಲ್ಲಿ ಸತ್ತವರು 63 ಜನ. ಕಿಲ್ಲಾರಿಯಲ್ಲಿ ಅದು ಎಲ್ಲರೂ ಮನೆಯೊಳಗೆ ಮಲಗಿದ್ದ ಹೊತ್ತು, ನಿಜ. ಆದರೆ ಅಷ್ಟೇ ಕಾರಣವಲ್ಲ. ಮಲಗಿದ್ದವರನ್ನು ಕೊಂದದ್ದು ಅವರ ಮನೆ.

ಆ ಮನೆಗಳನ್ನು ಉತ್ತರ ಕರ್ನಾಟಕದ ನಾವೆಲ್ಲ ಬಲ್ಲೆವು. ಎರಡಡಿಗಿಂತ ದಪ್ಪನೆಯ ಕಾಡುಗಲ್ಲಿನ ಗೋಡೆ, ಕಲ್ಲುಗಳ ನಡುವೆ ಬರೀ ಮಣ್ಣಿನ ಗಾರೆ. ಮೇಲೆ ಮರದ ತೊಲೆ, ಜಂತಿ, ಹಲಗೆ, ಅದರ ಮೇಲೆ ಒಂದಡಿ, ಎರಡಡಿ ಮಣ್ಣು ಹೇರಿದ ಮಾಳಿಗೆ. ಬಿಸಿಲಿಗೆ ಆ ಮಾಳಿಗೆಯಷ್ಟು ತಂಪು ಬೇರೊಂದಿಲ್ಲ. ಸೋರಿದಾಗಲೆಲ್ಲ ಮತ್ತೊಂದು ಪದರ ಮಣ್ಣು ಹಾಕುತ್ತಿದ್ದರು. ತಲೆಮಾರು ಕಳೆದಂತೆ ಭಾರ ಏರುತ್ತಲೇ ಹೋಯಿತು. ಭೂಕಂಪದಲ್ಲಿ ಭಾರವೇ ವೈರಿ. ನೆಲ ಅಡ್ಡಡ್ಡ ಜಗ್ಗಿದಾಗ ಮಾಳಿಗೆ ಎಷ್ಟು ಭಾರವೋ ಗೋಡೆಯ ಮೇಲೆ ಅಷ್ಟು ಬಲ ಬೀಳುತ್ತದೆ. ಗೋಡೆಯಾದರೂ ಹೇಗಿತ್ತು? ಒಳಮೈಗೆ ಒಂದು ಸಾಲು ಕಲ್ಲು, ಹೊರಮೈಗೆ ಒಂದು ಸಾಲು, ನಡುವೆ ಚೂರುಗಲ್ಲು, ಮಣ್ಣು. ಎರಡು ಮೈಗಳನ್ನೂ ಹಿಡಿದು ಕಟ್ಟುವಂತೆ ಆರಪಾರ ಹಾಯುವ ಉದ್ದಗಲ್ಲು ಇರಲಿಲ್ಲ. ನೆಲ ಅಲುಗಿದೊಡನೆ ಎರಡು ಮೈ ಬೇರೆಬೇರೆಯಾಗಿ ಉಬ್ಬಿ ಬಿದ್ದವು. ಮೂಲೆಗಳು ಬಿಟ್ಟುಕೊಂಡವು. ಆಸರೆ ತಪ್ಪಿದ ಮಾಳಿಗೆ ಮಲಗಿದ್ದವರ ಮೇಲೆ ಕುಸಿಯಿತು. ಕಲ್ಲುಮಣ್ಣು ಮುಚ್ಚಿಕೊಂಡ ಕಡೆ ಉಸಿರಾಡಲು ಸಂದು ಕೂಡ ಉಳಿಯಲಿಲ್ಲ.

ಅದೇ ಊರುಗಳಲ್ಲಿ ಇನ್ನೊಂದು ನೋಟವೂ ಕಂಡಿತು. ಮಾಳಿಗೆಯ ಭಾರವನ್ನು ಗೋಡೆಗೆ ಬಿಡದೆ ಮರದ ಕಂಬಗಳ ಮೇಲೆ ನಿಲ್ಲಿಸಿದ ಮನೆಗಳಲ್ಲಿ ಗೋಡೆ ಬಿದ್ದರೂ ಕಂಬ, ತೊಲೆಗಳ ಚೌಕಟ್ಟು ಎಷ್ಟೋ ಕಡೆ ನಿಂತೇ ಇತ್ತು. ಹುಲ್ಲು ಹೊದಿಸಿದ ಹಗುರ ಗುಡಿಸಲುಗಳು ಉಳಿದವು. ಮಕ್ಕಳು ಮೇಜಿನ ಮೇಲೆ ಜೋಡಿಸಿರುವ ಎರಡು ಮಾದರಿಗಳು ತೋರಿಸುವುದು ಇದನ್ನೇ. ಒಂದರಲ್ಲಿ ಬಿಡಿಬಿಡಿ ಕಲ್ಲಿನ ಗೋಡೆ. ಇನ್ನೊಂದರಲ್ಲಿ ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಹಾಯುವ ಕಾಂಕ್ರೀಟ್ ಲಿಂಟೆಲ್ ಪಟ್ಟಿ, ಮೂಲೆಗಳಲ್ಲಿ ಕಬ್ಬಿಣದ ಸರಳು. ಖರ್ಚಿನಲ್ಲಿ ವ್ಯತ್ಯಾಸ ಅಲ್ಪ, ಪರಿಣಾಮದಲ್ಲಿ ಬದುಕು ಸಾವಿನಷ್ಟು.

ಈಗ ನಮ್ಮ ಈ ನಾಡಿಗೆ ಬರೋಣ. ಟೆಕ್ಸಸ್‌ನ ದಾಖಲೆಯಲ್ಲಿ ಅತಿ ದೊಡ್ಡ ಭೂಕಂಪ ಆದದ್ದು 1931ರ ಆಗಸ್ಟ್ 16ರಂದು, ಪಶ್ಚಿಮದ ವ್ಯಾಲೆಂಟೈನ್ ಎಂಬ ಸಣ್ಣ ಊರಿನ ಬಳಿ. ತೀವ್ರತೆ 5.8. ಅಲ್ಲಿ ಹಸಿ ಇಟ್ಟಿಗೆಯ ಮಣ್ಣಿನ ಮನೆಗಳಿಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿತ್ತು. ಇಟ್ಟಿಗೆಯ ಚಿಮಣಿಗಳು ಉರುಳಿದವು ಇಲ್ಲವೇ ಸೀಳಿದವು. ಶಾಲೆಯ ಕಟ್ಟಡವನ್ನು ಮತ್ತೆ ಕಟ್ಟಬೇಕಾಯಿತು. ತಡೆದು ನಿಂತದ್ದು ಮರದ ಚೌಕಟ್ಟಿನ ಮನೆಗಳು. ಕಿಲ್ಲಾರಿ ಆರು ದಶಕಗಳ ನಂತರ ಕಲಿಸಿದ ಪಾಠವನ್ನು ವ್ಯಾಲೆಂಟೈನ್ ಅಂದೇ ಬರೆದಿಟ್ಟಿತ್ತು.

ಡಲ್ಲಾಸಿನ ಕಥೆ ಬೇರೆ. 2008ರವರೆಗೆ ಡಲ್ಲಾಸ್–ಫೋರ್ಟ್ ವರ್ತ್ ಸೀಮೆಯಲ್ಲಿ ಜನರ ಅನುಭವಕ್ಕೆ ಬಂದ ಭೂಕಂಪದ ದಾಖಲೆಯೇ ಇರಲಿಲ್ಲ. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ವಿಮಾನ ನಿಲ್ದಾಣದ ಬಳಿ ನೆಲ ನಡುಗಿತು. ಮುಂದೆ ಕ್ಲಿಬರ್ನ್, 2013ರ ಕೊನೆಯಲ್ಲಿ ಏಜಲ್, 2015ರ ಜನವರಿಯಲ್ಲಿ ನಮ್ಮವರು ಬಹಳ ಮಂದಿ ಇರುವ ಅರ್ವಿಂಗ್. 2015ರ ಮೇ 7ರಂದು ವೀನಸ್ ಬಳಿ 4.0 ತೀವ್ರತೆಯ ಕಂಪನವಾಯಿತು. ಈ ಸೀಮೆಯಲ್ಲಿ ಅದೇ ಅತಿ ದೊಡ್ಡದು. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉಪಕರಣಗಳನ್ನು ಇಟ್ಟು ಕಾರಣ ಹುಡುಕಿದರು. ಬಾರ್ನೆಟ್ ಶೇಲ್ ಶಿಲೆಯಿಂದ ಅನಿಲ ತೆಗೆಯುವಾಗ ಅದರ ಜೊತೆ ಉಪ್ಪುನೀರು ಮೇಲೆ ಬರುತ್ತದೆ. ಆ ತ್ಯಾಜ್ಯ ನೀರನ್ನು ಆಳದ ಎಲೆನ್‌ಬರ್ಗರ್ ಸುಣ್ಣಶಿಲೆಯ ಪದರಕ್ಕೆ ಬಾವಿ ಕೊರೆದು ತುಂಬುತ್ತಾರೆ. ಅದರ ಕೆಳಗಿರುವುದೇ ಹಳೆಯ ಬಿರುಕುಗಳ ಗಟ್ಟಿ ಶಿಲೆ. ಬೀಸುವ ಕಲ್ಲಿನ ಮೇಲುಗಲ್ಲನ್ನು ತುಸು ಎತ್ತಿ ಹಿಡಿದರೆ ಅದು ಸಲೀಸಾಗಿ ತಿರುಗುತ್ತದಲ್ಲವೇ? ಹಾಗೆಯೇ ನೀರಿನ ಒತ್ತಡ ಬಿರುಕಿನ ಎರಡು ಬದಿಗಳ ಬಿಗಿತವನ್ನು ಸಡಿಲಿಸುತ್ತದೆ. ಮೊದಲೇ ಕೂಡಿಟ್ಟುಕೊಂಡಿದ್ದ ಒತ್ತಡ ಜಾರಿ ಹೊರಬರುತ್ತದೆ. ಬಾವಿಗಳಿಗೆ ಇಳಿಸುವ ನೀರು ಕಡಿಮೆಯಾದಂತೆ ಇಲ್ಲಿ ಕಂಪನಗಳೂ ಕಡಿಮೆಯಾದವು.

ಮನುಷ್ಯನ ಕೈ ಭೂಕಂಪಕ್ಕೆ ತಗಲುವುದು ನಮ್ಮ ನಾಡಿನವರಿಗೆ ಹೊಸ ಸಂಗತಿಯಲ್ಲ. ಕೃಷ್ಣೆಯ ಉಪನದಿ ಕೊಯ್ನಾಕ್ಕೆ ಕಟ್ಟಿದ ಅಣೆಕಟ್ಟೆಯಲ್ಲಿ ನೀರು ತುಂಬತೊಡಗಿದ ಮೇಲೆ ಅಲ್ಲಿ ನೆಲ ಪದೇಪದೇ ನಡುಗಿತು. 1967ರ ಡಿಸೆಂಬರ್ 11ರಂದು 6.3 ತೀವ್ರತೆಯ ಭೂಕಂಪವಾಯಿತು. ಸುಮಾರು 180 ಜನ ಸತ್ತರು, ಅಣೆಕಟ್ಟೆಯಲ್ಲೇ ಬಿರುಕು ಮೂಡಿತು. ಜಲಾಶಯ ಪ್ರಚೋದಿಸುವ ಭೂಕಂಪವೆಂದರೆ ಜಗತ್ತಿನ ವಿಜ್ಞಾನಿಗಳು ಇಂದಿಗೂ ಮೊದಲು ಹೆಸರಿಸುವುದು ಕೊಯ್ನಾವನ್ನು.

ಡಲ್ಲಾಸ್ ಶಾಂತವಾಯಿತು, ಆದರೆ ಪಶ್ಚಿಮ ಟೆಕ್ಸಸ್‌ನ ಪರ್ಮಿಯನ್ ತೈಲಸೀಮೆ ಶಾಂತವಾಗಿಲ್ಲ. 2022ರ ನವೆಂಬರ್ 16ರಂದು ಮೆಂಟೋನ್ ಕಡೆ 5.4 ತೀವ್ರತೆಯ ಭೂಕಂಪವಾದಾಗ ಮುನ್ನೂರು ಮೈಲಿಗೂ ದೂರದ ಸ್ಯಾನ್ ಆಂಟೋನಿಯೋದಲ್ಲಿ ನೂರು ವರ್ಷ ಹಳೆಯ ಆಸ್ಪತ್ರೆ ಕಟ್ಟಡವೊಂದನ್ನು ಬಳಕೆಗೆ ಸುರಕ್ಷಿತವಲ್ಲವೆಂದು ಘೋಷಿಸಬೇಕಾಯಿತು. 2024ರ ಜುಲೈನಲ್ಲಿ ಹರ್ಮ್ಲೀ ಬಳಿ 5.1. ಭೂಕಂಪದ ಕೇಂದ್ರದಿಂದ ದೂರದಲ್ಲಿದ್ದರೂ ಹಳೆಯ, ಕಟ್ಟುಬಿಟ್ಟ ಗೋಡೆಗೆ ರಕ್ಷಣೆಯಿಲ್ಲ ಎಂಬುದನ್ನು ಸ್ಯಾನ್ ಆಂಟೋನಿಯೋ ಹೇಳುತ್ತದೆ.

ಹ್ಯೂಸ್ಟನ್ನಿನವರ ಕಥೆ ಇನ್ನೊಂದು ಬಗೆ. ಅವರ ಊರಿನ ಕೆಳಗೆ ನೂರಾರು ಬಿರುಕುಗಳಿವೆ. ಅವು ಧುಮ್ಮನೆ ಜಾರುವುದಿಲ್ಲ, ವರ್ಷವರ್ಷವೂ ಇಷ್ಟಿಷ್ಟೇ ಸರಿಯುತ್ತವೆ. ಲಾಂಗ್ ಪಾಯಿಂಟ್ ಬಿರುಕು ಹಾದುಹೋಗುವ ಕಡೆ ರಸ್ತೆ ಮೆಟ್ಟಿಲಿನಂತಾಗಿದೆ, ಮನೆಯ ಚಪ್ಪಡಿ ಸೀಳಿದೆ. ಇದರ ಜೊತೆಗೆ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ನೆಲವೇ ಕುಸಿಯಿತು. ಬೇಟೌನಿನ ಬ್ರೌನ್‌ವುಡ್ ಬಡಾವಣೆ ಹಲವು ಅಡಿ ಇಳಿದು, 1983ರ ಅಲಿಶಿಯಾ ಚಂಡಮಾರುತದ ನಂತರ ವಾಸಕ್ಕೇ ಬಾರದಾಯಿತು. ಇಂದು ಅಲ್ಲಿರುವುದು ನಿಸರ್ಗಧಾಮ. ಆಸ್ಟಿನ್ನಿನವರು ಸಂಜೆ ಹತ್ತುವ ಮೌಂಟ್ ಬಾನೆಲ್ ನಿಂತಿರುವುದು ಬಾಲ್ಕೋನಿಸ್ ಬಿರುಕಿನ ಅಂಚಿನಲ್ಲಿ. ಅದು ಬಹುಕಾಲದಿಂದ ತಣ್ಣಗಿದೆ. ಆದರೆ ಆ ಬಿರುಕಿನ ಪೂರ್ವಕ್ಕೆ, ಡಲ್ಲಾಸಿನವರೆಗೂ ಹಬ್ಬಿರುವ ಕಪ್ಪುಮಣ್ಣು ನಮ್ಮ ವಿಜಯಪುರ, ಕಲಬುರಗಿಯ ಎರೆಮಣ್ಣಿನ ಗುಣದ್ದೇ: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಅಡಿಪಾಯವನ್ನು ಎತ್ತಿ ಇಳಿಸುತ್ತದೆ. ಗೋಡೆಯಲ್ಲಿ ಗೆರೆ ಕಂಡೊಡನೆ ಭೂಕಂಪವೆಂದು ಬೆಚ್ಚಬೇಕಿಲ್ಲ. ಹಾಗೆಂದು ಬಣ್ಣ ಬಳಿದು ಮರೆಯಬಾರದು. ಮಣ್ಣಿನಿಂದ ಮೊದಲೇ ಬಿಟ್ಟುಕೊಂಡ ಮನೆಗೆ ಸಣ್ಣ ಕಂಪನವೂ ಭಾರವೇ.

ಹಾಗಾದರೆ ಏನು ಮಾಡಬೇಕು? ಇಲ್ಲಿನ ನಮ್ಮ ಬಹುತೇಕ ಮನೆಗಳದ್ದು ಮರದ ಚೌಕಟ್ಟು. ಅದು ನಮ್ಮ ಭಾಗ್ಯ. ಹೊರಗೆ ಕಾಣುವ ಇಟ್ಟಿಗೆ ಬರೀ ಹೊದಿಕೆ. ಆ ಹೊದಿಕೆ ಚೌಕಟ್ಟಿಗೆ ಬಿಗಿಯಾಗಿದೆಯೇ, ಚಿಮಣಿ ಓರೆಯಾಗಿದೆಯೇ ನೋಡಿಸಿ. ನೀರು ಕಾಯಿಸುವ ಟ್ಯಾಂಕನ್ನೂ ಎತ್ತರದ ಕಪಾಟುಗಳನ್ನೂ ಗೋಡೆಗೆ ಕಟ್ಟಿ. ಗ್ಯಾಸ್ ಮುಚ್ಚುವ ತಿರುಪು ಎಲ್ಲಿದೆಯೆಂದು ಮನೆಯ ಎಲ್ಲರಿಗೂ ತೋರಿಸಿಡಿ. ಸಾಮಾನ್ಯ ಮನೆವಿಮೆಯಲ್ಲಿ ಭೂಕಂಪ ಸೇರಿರುವುದಿಲ್ಲ ಎಂಬುದು ನೆನಪಿರಲಿ. ನೆಲ ಅಲುಗಿದರೆ ಓಡಬೇಡಿ. ಗಟ್ಟಿ ಮೇಜಿನ ಕೆಳಗೆ ಕುಳಿತು ಅದರ ಕಾಲು ಹಿಡಿದುಕೊಳ್ಳಿ. 2015ರಲ್ಲಿ ಟೆಕ್ಸಸ್ ಶಾಸನಸಭೆ ಹಣ ಕೊಟ್ಟದ್ದರಿಂದ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯ ಟೆಕ್ಸ್‌ನೆಟ್ ಎಂಬ ಕಂಪನಮಾಪಕ ಜಾಲವನ್ನು ನಡೆಸುತ್ತಿದೆ. ಅದರ ನಕಾಶೆಯನ್ನು ಯಾರು ಬೇಕಾದರೂ ನೋಡಬಹುದು. ಬಾವಿಗಳಿಗೆ ಅನುಮತಿ ಕೊಡುವುದು ರೈಲ್‌ರೋಡ್ ಕಮಿಷನ್; ಅದರ ಸದಸ್ಯರನ್ನು ಆರಿಸುವುದು ಮತದಾರರು. ನಮ್ಮಲ್ಲಿ ಮತವಿರುವವರು ಆ ಹೆಸರುಗಳನ್ನೂ ಓದಿ ಮತ ಹಾಕಬೇಕು.

ಊರಿನ ಮಾತು ಇನ್ನೂ ಮುಖ್ಯ. ನಮ್ಮಲ್ಲಿ ಎಷ್ಟೋ ಜನ ಊರಿನಲ್ಲಿ ತಂದೆತಾಯಿಗೆ ಮನೆ ಕಟ್ಟಿಸುತ್ತಿದ್ದೇವೆ, ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುತ್ತಿದ್ದೇವೆ. ಗ್ರಾನೈಟ್ ನೆಲ ಯಾವ ಬಣ್ಣ, ಮಾಡ್ಯುಲರ್ ಕಿಚನ್ ಯಾವ ಕಂಪನಿಯದು ಎಂದು ವಿಡಿಯೋ ಕಾಲಿನಲ್ಲಿ ಕೇಳುತ್ತೇವೆ; ನೆಲ ನಡುಗಿದರೆ ಕಟ್ಟಡ ನಿಲ್ಲುತ್ತದೆಯೇ ಎಂದು ಕೇಳುವುದಿಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಅವುಗಳಲ್ಲಿ ಅನೇಕವು ಕೆಳಮಹಡಿಯನ್ನು ಕಾರು ನಿಲ್ಲಿಸಲೆಂದು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ಬಿಟ್ಟಂಥವು. ಆದ್ದರಿಂದ ಇನ್ನು ಮುಂದೆ ಈ ಪ್ರಶ್ನೆಗಳನ್ನೂ ಕೇಳಿ. ಕೆಳಮಹಡಿಯ ಕಂಬಗಳನ್ನು ಭೂಕಂಪಕ್ಕೆ ಲೆಕ್ಕ ಹಾಕಿದ್ದೀರಾ? ಕಂಬದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯನ್ನು 135 ಡಿಗ್ರಿ ಒಳಕ್ಕೆ ಬಾಗಿಸಿದ್ದೀರಾ? ಲಿಂಟೆಲ್ ಪಟ್ಟಿ ಮನೆಯ ಸುತ್ತ ತುಂಡಾಗದೆ ಹಾಯುತ್ತದೆಯೇ? 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮೇಲಿಂದ ಮೇಲೆ ಬಂದ ಕಂಪನಗಳಿಗೆ ಹೆದರಿ ಮನೆಯ ಹೊರಗೆ ಮಲಗಿದರು. ಅಂಥ ಊರುಗಳ ಹಳೆಯ ಕಲ್ಲುಮನೆಗಳನ್ನೂ ಕೆಡವದೆ ಬಲಪಡಿಸಬಹುದು: ಗೋಡೆಯಲ್ಲಿ ತೂತು ತೆಗೆದು ಆರಪಾರ ಕಾಂಕ್ರೀಟ್ ಕೂರಿಸಬಹುದು, ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಬಹುದು, ಸುತ್ತ ಪಟ್ಟಿ ಕಟ್ಟಬಹುದು. ಕಿಲ್ಲಾರಿಯ ನಂತರ ಮಹಾರಾಷ್ಟ್ರದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ.

ಮಕ್ಕಳೇ, ನೀವು ದೊಡ್ಡವರಿಗೆ ಒಂದು ಕೆಲಸ ಹಚ್ಚಿದ್ದೀರಿ. ಭೂಕಂಪ ಎಂದು ಬರುತ್ತದೆಂದು ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಆದರೆ ಬಂದಾಗ ಯಾವ ಗೋಡೆ ಬೀಳುತ್ತದೆ, ಯಾವುದು ನಿಲ್ಲುತ್ತದೆ ಎಂಬುದನ್ನು ಇಂದೇ ಹೇಳಬಹುದು. ತಿಳಿದೂ ಕಟ್ಟದಿದ್ದರೆ ದೋಷ ನೆಲದ್ದಲ್ಲ, ನಮ್ಮದು. ಬಂಧುಗಳೇ, ಈ ಪ್ರದರ್ಶನ ಉದ್ಘಾಟನೆಯಾಯಿತೆಂದು ಸಂತೋಷದಿಂದ ಘೋಷಿಸುತ್ತೇನೆ. ಪ್ರತಿ ಮಾದರಿಯ ಮುಂದೆಯೂ ನಿಂತು ಮಕ್ಕಳನ್ನು ಪ್ರಶ್ನೆ ಕೇಳಿ. ಈ ವಾರವೇ ಊರಿಗೆ ಫೋನ್ ಮಾಡಿ, ನಿಮ್ಮವರು ಮಲಗುವ ಮನೆಯ ಗೋಡೆ, ಮಾಳಿಗೆಯನ್ನು ಬಲ್ಲ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ.