ಮಸಿ ಬಳಿಯುವ ಕೈ ಬೋರ್ಡೂ ಬರೆಸಲಿ



ನಾಮಫಲಕದಲ್ಲಿ ಶೇಕಡ ೬೦ ಕನ್ನಡವಿರಬೇಕೆಂದು ೨೦೨೪ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಕಾಯ್ದೆ ದಂಡ ಹಾಕೀತು, ಗಿರಾಕಿಯನ್ನು ಕರೆತರಲಾರದು. ಅದು ಅಕ್ಷರದ ಕೆಲಸ, ಪ್ರೆಸ್ಸಿನವನಾಗಿ ಹೇಳುತ್ತಿದ್ದೇನೆ.

ಕಂದಿಕೆರೆಯಲ್ಲಿ ಗಾಣ ಇಟ್ಟವನು ಇಂಗ್ಲಿಷಿನಲ್ಲಿ 'ಎಂಟರ್‌ಪ್ರೈಸಸ್' ಎಂದು ಬರೆಸಿದರೆ, ಎದುರಿಗೇ ಹಾದುಹೋಗುವ ರೈತನಿಗೆ ಒಳಗೇನಿದೆಯೆಂದು ತಿಳಿಯದು. ಆತ ತಿಪಟೂರಿನಲ್ಲಿ ಕೊಬ್ಬರಿ ಮಾರಿ, ಎಲ್ಲಿಯದೋ ಎಣ್ಣೆ ಪ್ಯಾಕೆಟ್ ಹಿಡಿದು ಬರುತ್ತಾನೆ. 'ಇಲ್ಲಿ ಕೊಬ್ಬರಿ ಎಣ್ಣೆ ಆಡಿಸಿ ಕೊಡಲಾಗುವುದು' ಎಂದು ದಪ್ಪಕ್ಷರದಲ್ಲಿ ಬರೆಸಿ. ಕೆಳಗೆ ಕೂಲಿ, ರಜಾ ದಿನ, ಫೋನ್ ನಂಬರು. ಸಂತೆಯಲ್ಲಿ ಹಂಚುವ ಕರಪತ್ರದಲ್ಲಿ ಬಸ್ ಸ್ಟ್ಯಾಂಡಿನಿಂದ ದಾರಿಯೂ ಇರಲಿ.

ಬೆಂಗಳೂರಿನ ಹುಡುಗರೇ, ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮೂರ ಗಾಣವನ್ನು ಗೂಗಲ್ ನಕ್ಷೆಗೆ ಕನ್ನಡದಲ್ಲೇ ಸೇರಿಸಿ. ಬೋರ್ಡಿಗೆ ಮಸಿ ಬಳಿದ ಕೈಯೇ ಒಂದು ಬೋರ್ಡು ಬರೆಸಿಕೊಡಲಿ. ಗಾಣ ಮುಚ್ಚಿದ ಮೇಲೆ ಅದರ ಬಾಗಿಲಿಗೆ ಕನ್ನಡ ಯಾತಕ್ಕೆ?

ಜೈ ಕರ್ನಾಟಕ!