ಕ್ಷಮಾದಾನಕ್ಕೆ ಆದೇಶ, ಪರಿಹಾರಕ್ಕೆ ಶಿಫಾರಸು



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯ ವಕೀಲರನ್ನು ನಾನು ವಿದ್ಯಾರ್ಥಿಯಾಗಿದ್ದಾಗ ದೂರದಿಂದ ಕಂಡವನು. ಅವರ ನೆನಪಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ದೊಡ್ಡ ಗೌರವವೆಂದು ಭಾವಿಸಿದ್ದೇನೆ. ನನಗೆ ಕೊಟ್ಟಿರುವ ವಿಷಯ, ಸಂಘರ್ಷದಿಂದ ಹೊರಬರುತ್ತಿರುವ ಸಮಾಜಗಳಲ್ಲಿ ನ್ಯಾಯ ಮತ್ತು ಸಾಮರಸ್ಯ. ನ್ಯೂರೆಂಬರ್ಗ್‌ನ ವಿಚಾರಣೆಗಳು, 1983ರ ಅರ್ಜೆಂಟೀನಾದ ಆಯೋಗ, 1990ರ ಚಿಲಿಯ ಆಯೋಗ, ರುವಾಂಡದ ಗಚಾಚಾ ನ್ಯಾಯಸಭೆಗಳು, ಇವುಗಳ ಚರಿತ್ರೆ ಪಠ್ಯಪುಸ್ತಕಗಳಲ್ಲಿ ಚೆನ್ನಾಗಿಯೇ ಇದೆ. ಅದನ್ನು ಇಲ್ಲಿ ಮತ್ತೆ ಒಪ್ಪಿಸುವುದಿಲ್ಲ. ಬಹುಕಾಲದಿಂದ ನನ್ನನ್ನು ಬಿಡದೆ ಕಾಡಿರುವ ಒಂದೇ ವಿವಾದಕ್ಕೆ ಈ ಹೊತ್ತನ್ನು ಮೀಸಲಿಡಲು ಅಪ್ಪಣೆ ಬೇಡುತ್ತೇನೆ. ಅದು ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗ ನೀಡಿದ ಕ್ಷಮಾದಾನದ ವಿವಾದ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದೇ. 1995ರ ಕಾಯ್ದೆಯಿಂದ ಹುಟ್ಟಿದ ಈ ಆಯೋಗಕ್ಕೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರು. ವರ್ಣಭೇದ ಆಡಳಿತದ ಕಾಲದಲ್ಲಿ, 1960ರ ಮಾರ್ಚ್‌ನಿಂದ 1994ರ ಮೇವರೆಗೆ ನಡೆದ ಘೋರ ಮಾನವ ಹಕ್ಕು ಉಲ್ಲಂಘನೆಗಳು ಅದರ ವ್ಯಾಪ್ತಿ. 1996ರ ಏಪ್ರಿಲ್ 15ರಂದು ಈಸ್ಟ್ ಲಂಡನ್ ನಗರದಲ್ಲಿ ಮೊದಲ ಬಹಿರಂಗ ವಿಚಾರಣೆ. 21,000ಕ್ಕೂ ಹೆಚ್ಚು ಸಂತ್ರಸ್ತರ ಹೇಳಿಕೆಗಳು. 1998ರ ಅಕ್ಟೋಬರ್‌ನಲ್ಲಿ ಮಂಡೇಲಾ ಅವರ ಕೈಗೆ ಐದು ಸಂಪುಟಗಳ ವರದಿ.

ಈಗ ವಿವಾದಕ್ಕೆ ಬರುತ್ತೇನೆ. ಕೊಂದವನು, ಹಿಂಸಿಸಿದವನು ಆಯೋಗದ ಮುಂದೆ ಬಂದು ಪೂರ್ಣ ಸತ್ಯ ಹೇಳಿ, ಕೃತ್ಯದ ಹಿಂದೆ ರಾಜಕೀಯ ಉದ್ದೇಶವಿತ್ತೆಂದು ತೋರಿಸಿದರೆ ಅವನಿಗೆ ಶಿಕ್ಷೆಯಿಲ್ಲ. ಅವನ ಮೇಲೆ ಪರಿಹಾರದ ದಾವೆಯನ್ನೂ ಹೂಡುವಂತಿಲ್ಲ. ಪಶ್ಚಾತ್ತಾಪ ಪಡಬೇಕೆಂದಾಗಲಿ, ಕ್ಷಮೆ ಕೇಳಬೇಕೆಂದಾಗಲಿ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇದನ್ನು ನ್ಯಾಯವನ್ನೇ ಮಾರಿದ ವ್ಯಾಪಾರ ಎಂದು ಹಳಿಯುವವರು ಒಂದು ಕಡೆ, ಜಗತ್ತು ಕಂಡ ಪವಾಡ ಎಂದು ಹೊಗಳುವವರು ಇನ್ನೊಂದು ಕಡೆ. ಎರಡು ಪಕ್ಷಗಳನ್ನೂ ನಾನು ಒಪ್ಪುವುದಿಲ್ಲ. ಷರತ್ತಿನ ಕ್ಷಮಾದಾನ ನ್ಯಾಯಸಮ್ಮತವಾಗಿಯೇ ಇತ್ತು, ಆ ಒಪ್ಪಂದದ ಉಳಿದರ್ಧವನ್ನು ಸರ್ಕಾರ ನಡೆಸಿಕೊಡಲಿಲ್ಲ ಎಂಬುದು ನನ್ನ ವಾದ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. 1997ರ ಜುಲೈ, ಕೇಪ್‌ಟೌನ್. ಜೆಫ್ರಿ ಬೆನ್‌ಜೀನ್ ಎಂಬ ಪೊಲೀಸ್ ಅಧಿಕಾರಿ ಕ್ಷಮಾದಾನ ಸಮಿತಿಯ ಮುಂದೆ ನಿಂತಿದ್ದಾನೆ. ಆಗಲೂ ಅವನು ನೌಕರಿಯಲ್ಲೇ ಇದ್ದವನು. ಒದ್ದೆ ಬಟ್ಟೆಯ ಚೀಲವನ್ನು ತಲೆಗೆ ಬಿಗಿದು ಉಸಿರುಗಟ್ಟಿಸುವುದು ಅವನು ನುರಿತಿದ್ದ ವಿದ್ಯೆ. ಅವನ ಕೈಯಲ್ಲಿ ನರಳಿದ ಟೋನಿ ಯೆಂಗೆನಿ ಅಷ್ಟರಲ್ಲಿ ಸಂಸದರಾಗಿದ್ದರು. ಅದನ್ನು ಹೇಗೆ ಮಾಡುತ್ತಿದ್ದೆ, ಇಲ್ಲಿ ಮಾಡಿ ತೋರಿಸು ಎಂದು ಯೆಂಗೆನಿಯೇ ಕೇಳಿದರು. ಒಬ್ಬ ವ್ಯಕ್ತಿ ನೆಲದ ಮೇಲೆ ಬೋರಲು ಮಲಗಿದ, ಬೆನ್‌ಜೀನ್ ಅವನ ಬೆನ್ನಿನ ಮೇಲೆ ಕೂತು ಚೀಲ ಎಳೆದು ತಿರುಚಿ ತೋರಿಸಿದ. ಆ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಷ್ಟಕ್ಕೇ ನಿಲ್ಲದೆ ಆತ ಯೆಂಗೆನಿಯತ್ತ ತಿರುಗಿ, ಚೀಲದ ಕೆಳಗೆ ಅರ್ಧ ಗಂಟೆಯೊಳಗೆ ನೀನು ಸಂಗಾತಿಯ ಹೆಸರು ಹೇಳಿದೆಯಲ್ಲ ಎಂದು ಎಲ್ಲರೆದುರು ಚುಚ್ಚಿದ. ಹಿಂಸೆಗೆ ಒಳಗಾದವರ ಮೇಲೆ ಅದೇ ಸಭಾಂಗಣದಲ್ಲಿ ಎರಡನೆಯ ಸಲ ನಡೆದ ಪ್ರಹಾರ ಅದು. 1999ರಲ್ಲಿ ಬೆನ್‌ಜೀನ್‌ಗೆ ಕ್ಷಮಾದಾನ ಸಿಕ್ಕಿತು, ಯುವ ಹೋರಾಟಗಾರ ಆಶ್ಲಿ ಕ್ರೀಲ್ ಸಾವಿನ ವಿಷಯದಲ್ಲಿಯೂ. ಅವನು ಪೂರ್ಣ ಸತ್ಯ ಹೇಳಲಿಲ್ಲ ಎಂಬ ನಿಲುವಿನಿಂದ ಕ್ರೀಲ್ ಕುಟುಂಬ ಹಿಂದೆ ಸರಿಯಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಷರತ್ತಿನ ಕ್ಷಮಾದಾನ ಸರಿ ಎನ್ನುತ್ತೇನೆ. ಆ ಚೀಲದ ಕಥೆಯನ್ನು ಪೊಲೀಸರು ಅದುವರೆಗೆ ಯಾವ ನ್ಯಾಯಾಲಯದಲ್ಲೂ ಒಪ್ಪಿರಲಿಲ್ಲ. ಕಡತಗಳು ನಾಶವಾಗಿದ್ದವು, ಸಾಕ್ಷಿಗಳು ಪೊಲೀಸರೇ. ವರ್ಣಭೇದದ ಆಡಳಿತದಲ್ಲಿ ತಮ್ಮವರನ್ನು ಕಳೆದುಕೊಂಡ ಬಿಕೋ, ಮ್ಷೆಂಗೆ, ರಿಬೇರೊ ಕುಟುಂಬಗಳು ಈ ಕಾಯ್ದೆಯನ್ನು ಪ್ರಶ್ನಿಸಿ ಸಂವಿಧಾನ ನ್ಯಾಯಾಲಯಕ್ಕೆ ಹೋದಾಗ, 1996ರ ತೀರ್ಪಿನಲ್ಲಿ ನ್ಯಾಯಮೂರ್ತಿ ಇಸ್ಮಾಯಿಲ್ ಮೊಹಮದ್ ಆ ಕುಟುಂಬಗಳ ನೋವನ್ನು ಮರೆಮಾಚಲಿಲ್ಲ. ಕ್ಷಮಾದಾನ ಇಲ್ಲದಿದ್ದರೆ ಸತ್ಯವೂ ಸಿಗದು, ಶಿಕ್ಷೆಯೂ ಆಗದು ಎಂಬ ಕಠಿಣ ವಾಸ್ತವದ ಮೇಲೆ ಕಾಯ್ದೆಯನ್ನು ಎತ್ತಿಹಿಡಿದರು. ಪಶ್ಚಾತ್ತಾಪವನ್ನು ಷರತ್ತಾಗಿ ಹಾಕದೆ ಇದ್ದದ್ದನ್ನು ಹಲವರು ಟೀಕಿಸುತ್ತಾರೆ. ನನ್ನ ಮಟ್ಟಿಗೆ ಅದು ಕಾಯ್ದೆ ಬರೆದವರ ವಿವೇಕ. ಕಣ್ಣೀರು ನಿಜವೋ ನಟನೆಯೋ ಎಂದು ತೂಗುವ ಕೆಲಸ ಸಮಿತಿಗೆ ಬೇಡ, ಹೇಳಿದ ಸಂಗತಿ ನಿಜವೋ ಅಲ್ಲವೋ ಎಂದು ನೋಡುವ ಕೆಲಸ ಸಾಕು.

ಸಂಖ್ಯೆಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. 7,112 ಅರ್ಜಿಗಳಲ್ಲಿ 849 ಮಂಜೂರಾದವು, 5,392 ತಿರಸ್ಕೃತವಾದವು. ಆಯೋಗದ ಅಭಿಮಾನಿಗಳು ಈ ಅಂಕಿಗಳನ್ನು ಮುಂದಿಟ್ಟು, ಸಮಿತಿ ಎಷ್ಟು ಕಟ್ಟುನಿಟ್ಟಾಗಿತ್ತು ನೋಡಿ ಎನ್ನುತ್ತಾರೆ. ಆ ವಾದ ನಿಲ್ಲುವುದಿಲ್ಲ. ತಿರಸ್ಕೃತ ಅರ್ಜಿಗಳಲ್ಲಿ ಹೆಚ್ಚಿನವು ಕಳವು, ದರೋಡೆ, ಕೊಲೆಗಳಿಗಾಗಿ ಆಗಲೇ ಜೈಲಿನಲ್ಲಿದ್ದವರವು, ರಾಜಕೀಯ ಉದ್ದೇಶವೇ ಇಲ್ಲದವು. ಭದ್ರತಾ ಪಡೆಗಳ ಮೇಲಧಿಕಾರಿಗಳಲ್ಲಿ ಬಹುಪಾಲು ಜನ ಅರ್ಜಿಯನ್ನೇ ಹಾಕಲಿಲ್ಲ. ಮಾಜಿ ಅಧ್ಯಕ್ಷ ಪಿ. ಡಬ್ಲ್ಯೂ. ಬೋಥಾ ಸಮನ್ಸ್‌ಗೂ ಬಗ್ಗಲಿಲ್ಲ. ಷರತ್ತಿನ ಕ್ಷಮಾದಾನಕ್ಕೆ ಅರ್ಥ ಬರುವುದು ಷರತ್ತು ಪೂರೈಸದವನ ಮೇಲೆ ಮೊಕದ್ದಮೆ ಖಂಡಿತ ಎಂಬ ಭಯವಿದ್ದಾಗ ಮಾತ್ರ. ಆ ಭಯ ಅಲ್ಲಿ ಇರಲಿಲ್ಲ.

ಇಲ್ಲಿ ನಮ್ಮ ದತ್ತಿಯ ಹಿರಿಯರ ನೆನಪಾಗುತ್ತದೆ. ಅವರ ಕಚೇರಿಯಲ್ಲಿ ಕೆಲಸ ಕಲಿತವರು ಹೇಳುತ್ತಾರೆ: ಪಾಲಿನ ದಾವೆಯಲ್ಲಿ ರಾಜಿ ಪತ್ರಕ್ಕೆ ಸಹಿ ಬಿದ್ದ ದಿನ ಕಕ್ಷಿಗಾರ ಪೇಡೆ ತಂದರೆ ಅವರು ಮುಟ್ಟುತ್ತಿರಲಿಲ್ಲವಂತೆ. ಖಾತೆ ಬದಲಾಗಿ ಪಹಣಿಯಲ್ಲಿ ಹೆಸರು ಕೂತ ಮೇಲೆ ಬಾ ಎನ್ನುತ್ತಿದ್ದರಂತೆ. ದಕ್ಷಿಣ ಆಫ್ರಿಕಾದಲ್ಲಿ ಜಗತ್ತೆಲ್ಲ ಸಹಿಯ ದಿನವೇ ಸಂಭ್ರಮಿಸಿ ಎದ್ದುಹೋಯಿತು.

ಆಯೋಗದ ಕಾಯ್ದೆಯನ್ನು ಕಲಂ ಕಲಂ ಬಿಡಿಸಿ ಓದಿದಾಗ ನನಗೆ ಕಂಡದ್ದು ಒಂದು ಏರುಪೇರು. ಇದಕ್ಕೆ ನಮ್ಮ ವಿದ್ವಾಂಸರು ಸಾಕಷ್ಟು ಗಮನ ಕೊಟ್ಟಿಲ್ಲ ಎಂದೇ ನನ್ನ ದೂರು. ಕ್ಷಮಾದಾನ ಸಮಿತಿಯ ತೀರ್ಮಾನಕ್ಕೆ ಆದೇಶದ ಬಲವಿತ್ತು. ಅದು ಬಂದ ಕ್ಷಣದಿಂದ ಜಾರಿ. ಅಪರಾಧಿ ಅಂದೇ ಮುಕ್ತ, ಸಂತ್ರಸ್ತರ ದಾವೆಯ ಹಕ್ಕು ಅಂದೇ ಇಲ್ಲವಾಯಿತು. ಪರಿಹಾರ ಸಮಿತಿಗೆ ಇದ್ದದ್ದು ಶಿಫಾರಸು ಮಾಡುವ ಅಧಿಕಾರ ಮಾತ್ರ. ಹೀಗೆ ಒಂದೇ ಕಾಯ್ದೆ ಕೊಂದವನಿಗೆ ಹಕ್ಕನ್ನೂ, ಕಳೆದುಕೊಂಡವಳಿಗೆ ನಿರೀಕ್ಷೆಯನ್ನೂ ಕೊಟ್ಟಿತು. ಸಂತ್ರಸ್ತರೊಬ್ಬರಿಗೆ ಅಥವಾ ಅವರ ಕುಟುಂಬಕ್ಕೆ ವರ್ಷಕ್ಕೆ ಸುಮಾರು 17,000ದಿಂದ 23,000 ರಾಂಡ್‌ನಂತೆ ಆರು ವರ್ಷ ಕೊಡಬೇಕೆಂದು ಆಯೋಗ ಹೇಳಿತ್ತು. 2003ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಥಾಬೊ ಎಂಬೆಕಿ ಸಂಸತ್ತಿನಲ್ಲಿ ಘೋಷಿಸಿದ್ದು ಒಂದೇ ಬಾರಿಗೆ 30,000 ರಾಂಡ್. ಮೊದಲ ವಿಚಾರಣೆ ನಡೆದು ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು.

ಈಗ ನಾನು ಬಹಳ ಗೌರವಿಸುವ ಎದುರಾಳಿಯೊಬ್ಬರತ್ತ ಬರಬೇಕು. ವಿದ್ವಾಂಸ ಮಹಮೂದ್ ಮಮ್ದಾನಿಯವರ ಆಕ್ಷೇಪ ಪ್ರಸಿದ್ಧ. ಆಯೋಗ ಕಣ್ಣಿಟ್ಟದ್ದು ಕೊಂದ ಪೊಲೀಸರು ಮತ್ತು ಸತ್ತ ಹೋರಾಟಗಾರರ ಮೇಲಷ್ಟೇ. ನೆಲದಿಂದ ಎಬ್ಬಿಸಿ ಓಡಿಸಿದ 35 ಲಕ್ಷದಷ್ಟು ಜನ, ಕರಿಯರ ಓಡಾಟವನ್ನು ನಿರ್ಬಂಧಿಸಿದ ಪಾಸ್ ಕಾನೂನಿನಡಿ ಜೈಲು ಕಂಡ ಕೋಟ್ಯಂತರ ದುಡಿಯುವವರು, ವರ್ಣಭೇದದಿಂದ ಲಾಭ ಉಂಡವರು, ಎಲ್ಲರೂ ಚೌಕಟ್ಟಿನ ಹೊರಗೇ ಉಳಿದರು ಎನ್ನುತ್ತಾರೆ ಅವರು. ಈ ಮಾತಿನ ಮೊದಲರ್ಧಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ದೋಷವನ್ನೆಲ್ಲ ಆಯೋಗದ ತಲೆಗೆ ಕಟ್ಟುವುದನ್ನು ಒಪ್ಪಲಾರೆ. ಅದೇ ಆಯೋಗ ಉದ್ಯಮಿಗಳು, ವೈದ್ಯರು, ಪತ್ರಿಕೆಗಳು, ನ್ಯಾಯಾಂಗ ಇವೆಲ್ಲದರ ಪಾತ್ರದ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಸಿತು. ವರ್ಣಭೇದದಿಂದ ಬೆಳೆದವರ ಮೇಲೆ ಸಂಪತ್ತಿನ ತೆರಿಗೆ ಹಾಕುವ ದಾರಿಯನ್ನು ತನ್ನ ವರದಿಯಲ್ಲೇ ಮುಂದಿಟ್ಟಿತು. ಆ ತೆರಿಗೆಯನ್ನು ತಳ್ಳಿಹಾಕಿದ್ದು ಆಯ್ಕೆಯಾಗಿ ಬಂದ ಸರ್ಕಾರ. ಆಯೋಗದ ಕಣ್ಣು ಚಿಕ್ಕದಿತ್ತು ಎಂದು ಬರೆಯುತ್ತಾ ಹೋದರೆ, ಕಂಡದ್ದನ್ನೂ ಕಾಣಲೊಲ್ಲದ ಮಂತ್ರಿಗಳು ಸುಲಭವಾಗಿ ಪಾರಾಗುತ್ತಾರೆ. ಮಮ್ದಾನಿಯಂಥ ತೀಕ್ಷ್ಣಮತಿಯ ವಿದ್ವಾಂಸರಿಂದ ಈ ದಿಕ್ಕಿನಲ್ಲಿ ಹೆಚ್ಚಿನದನ್ನು ನಿರೀಕ್ಷಿಸಿದ್ದೆ.

ಕ್ಷಮೆ ಸಿಗದವರ, ಅರ್ಜಿಯನ್ನೇ ಹಾಕದವರ ಸುಮಾರು 300 ಪ್ರಕರಣಗಳನ್ನು ಆಯೋಗ ಅಭಿಯೋಜಕರಿಗೆ ಒಪ್ಪಿಸಿತ್ತು. ಅವುಗಳಲ್ಲಿ ಬೆರಳೆಣಿಕೆಯಷ್ಟೇ ನ್ಯಾಯಾಲಯ ಮುಟ್ಟಿದವು. 2005ರಲ್ಲಿ ಸರ್ಕಾರ ಅಭಿಯೋಜನಾ ನೀತಿಯನ್ನೇ ತಿದ್ದಿ ಹಿಂಬಾಗಿಲಿನಿಂದ ಇನ್ನೊಂದು ಕ್ಷಮಾದಾನ ತರಲು ಹೊರಟಿತು. ಸಂತ್ರಸ್ತರ ಕುಟುಂಬಗಳೇ ಹೋರಾಡಿ 2008ರಲ್ಲಿ ಅದನ್ನು ಹೈಕೋರ್ಟ್‌ನಲ್ಲಿ ರದ್ದುಪಡಿಸಿದವು. ಅಭಿಯೋಜಕರ ಮುಖ್ಯಸ್ಥರಾಗಿದ್ದ ವೂಸಿ ಪಿಕೋಲಿ, ಈ ಪ್ರಕರಣಗಳಲ್ಲಿ ರಾಜಕೀಯ ಹಸ್ತಕ್ಷೇಪ ನಡೆಯಿತೆಂದು ಪ್ರಮಾಣಪತ್ರದಲ್ಲೇ ಹೇಳಿದರು. ಕಾರಣ ಊಹಿಸುವುದು ಕಷ್ಟವಲ್ಲ. ಆಳುವ ಪಕ್ಷವಾಗಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ 37 ನಾಯಕರು ಯಾವ ಕೃತ್ಯವೆಂದು ಹೇಳದೆಯೇ ಸಾಮೂಹಿಕ ಕ್ಷಮಾದಾನ ಪಡೆದಿದ್ದರು. ನ್ಯಾಯಾಲಯ ಅದನ್ನು ರದ್ದುಮಾಡಿತ್ತು. ಹಳೆಯ ಕಡತ ತೆಗೆದರೆ ಎರಡೂ ಬದಿಯ ದೊಡ್ಡವರಿಗೆ ತೊಂದರೆಯಿತ್ತು.

ಅಹ್ಮದ್ ತಿಮೋಲ್ ಪ್ರಕರಣ ನೋಡಿ. ಭಾರತೀಯ ಮೂಲದ ಈ 29ರ ಶಾಲಾ ಶಿಕ್ಷಕ 1971ರ ಅಕ್ಟೋಬರ್ 27ರಂದು ಜೋಹಾನ್ಸ್‌ಬರ್ಗ್‌ನ ಜಾನ್ ವೋರ್‌ಸ್ಟರ್ ಸ್ಕ್ವೇರ್ ಪೊಲೀಸ್ ಕಟ್ಟಡದಿಂದ ಬಿದ್ದು ಸತ್ತರು. ಹತ್ತನೆಯ ಮಹಡಿಯ ಕಿಟಕಿಯಿಂದ ತಾನೇ ಹಾರಿದ ಎಂದು ಪೊಲೀಸರು ಹೇಳಿದರು, ಮರುವರ್ಷದ ಮರಣ ವಿಚಾರಣೆ ಅದಕ್ಕೆ ಮುದ್ರೆ ಒತ್ತಿತು. ತಾಯಿ ಹಾವಾ ತಿಮೋಲ್ 1996ರಲ್ಲಿ ಆಯೋಗದ ಮುಂದೆ ಬಂದು ಮಗನ ಸಾವಿನ ಸತ್ಯ ಕೇಳಿದರು. ಮಗನನ್ನು ಪ್ರಶ್ನಿಸಿದ ಪೊಲೀಸರಲ್ಲಿ ಒಬ್ಬನೂ ಅರ್ಜಿ ಹಾಕಲಿಲ್ಲ, ಬಾಯಿ ಬಿಡಲಿಲ್ಲ. ಮರುವರ್ಷ ಆ ತಾಯಿ ತೀರಿಕೊಂಡರು. ಕುಟುಂಬ ಪಟ್ಟು ಬಿಡದೆ ತನಿಖೆ ನಡೆಸಿದ್ದರಿಂದ 2017ರಲ್ಲಿ ಮರಣ ವಿಚಾರಣೆ ಮತ್ತೆ ತೆರೆಯಿತು. ಚಿತ್ರಹಿಂಸೆ ಕೊಟ್ಟು ಕೆಳಗೆ ದೂಡಲಾಗಿತ್ತು, ಇದು ಕೊಲೆ ಎಂದು ನ್ಯಾಯಮೂರ್ತಿ ಬಿಲ್ಲಿ ಮೋತ್ಲೆ ತೀರ್ಪಿತ್ತರು. ಸಾವಿನ ಹೊತ್ತಿಗೆ ಕೊಠಡಿಯಲ್ಲಿದ್ದೆನೆಂದು ಹೇಳಿಕೊಂಡಿದ್ದ ಜೊವಾವ್ ರೋಡ್ರಿಗಸ್ ಮೇಲೆ 2018ರಲ್ಲಿ ಆರೋಪ ದಾಖಲಾಯಿತು. ವಿಚಾರಣೆ ಶುರುವಾಗುವ ಮೊದಲೇ, 2021ರಲ್ಲಿ ಅವನೂ ಸತ್ತ. ಮೊಕದ್ದಮೆಗಳು ಹಳೆಯ ಗಾಯ ಕೆದಕುತ್ತವೆ, ಸಾಮರಸ್ಯ ಕೆಡಿಸುತ್ತವೆ ಎನ್ನುವವರಿಗೆ ನನ್ನ ಪ್ರಶ್ನೆ: ಈ ಕುಟುಂಬಕ್ಕೆ ಸತ್ಯ ಸಿಕ್ಕಿದ್ದು ಯಾರ ಮೌನದಿಂದ?

ಟುಟು ಅವರ ಬಗ್ಗೆ ನನಗೆ ಅಪಾರ ಪೂಜ್ಯ ಭಾವನೆಯಿದೆ. ಆದರೂ ಅವರು ವೇದಿಕೆಯಿಂದ ಕ್ಷಮೆಯ ಗುಣಗಾನ ಮಾಡಿದಾಗಲೆಲ್ಲ, ಕ್ಷಮಿಸಲಾಗದ ತಾಯಿ ಏನೋ ಕಡಿಮೆಯವಳು ಎಂಬ ಒತ್ತಡ ಸಭೆಯಲ್ಲಿ ಹಬ್ಬಿತು. ಕಾಯ್ದೆ ಯಾರಿಂದಲೂ ಕ್ಷಮೆ ಕೇಳಿರಲಿಲ್ಲ. ಕ್ರಾಡಕ್ ನಾಲ್ವರು ಎಂದು ಹೆಸರಾದ ಹೋರಾಟಗಾರರಲ್ಲೊಬ್ಬರಾದ ಫೋರ್ಟ್ ಕಲಾಟಾ ಅವರ ಪತ್ನಿ ನೊಮೊಂಡೆ, ಈಸ್ಟ್ ಲಂಡನ್‌ನಲ್ಲಿ ಸಾಕ್ಷ್ಯ ಹೇಳುತ್ತಾ ಹಿಂದಕ್ಕೆ ಬಾಗಿ ಕೂಗಿಕೊಂಡ ಆ ಚೀತ್ಕಾರವನ್ನು ಆಯೋಗದ ಆರಂಭವೆಂದೇ ಹಲವರು ಬರೆದಿದ್ದಾರೆ. ಅವರ ಗಂಡನನ್ನೂ ಮೂವರು ಸಂಗಾತಿಗಳನ್ನೂ 1985ರ ಜೂನ್‌ನಲ್ಲಿ ಕೊಂದ ಪ್ರಕರಣದಲ್ಲಿ ಆರು ಪೊಲೀಸರಿಗೆ 1999ರಲ್ಲೇ ಕ್ಷಮಾದಾನ ನಿರಾಕರಿಸಲಾಗಿತ್ತು. ಅವರ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ, ಒಬ್ಬೊಬ್ಬರಾಗಿ ಸತ್ತರು. 2025ರ ಜನವರಿಯಲ್ಲಿ 25 ಕುಟುಂಬಗಳು ಮತ್ತು ಬದುಕುಳಿದವರು ಸರ್ಕಾರದ ಮೇಲೆ 16.7 ಕೋಟಿ ರಾಂಡ್ ಕೇಳಿ ದಾವೆ ಹೂಡಿದರು. ಆ ಹಣ ಕೇಳಿರುವುದು ತನಿಖೆಗೆ, ಕಾನೂನು ಹೋರಾಟಕ್ಕೆ, ಸ್ಮಾರಕಕ್ಕೆ. ಅದೇ ವರ್ಷ ಹಸ್ತಕ್ಷೇಪದ ಆರೋಪ ವಿಚಾರಿಸಲು ನಿವೃತ್ತ ನ್ಯಾಯಮೂರ್ತಿ ಸಿಸಿ ಖಾಂಪೆಪೆ ಅವರ ಆಯೋಗ ರಚನೆಯಾಯಿತು. ಹಿಂದೆ ಕ್ಷಮಾದಾನ ಸಮಿತಿಯಲ್ಲಿ ಕೂತಿದ್ದವರು ಅವರೇ.

ದಕ್ಷಿಣ ಆಫ್ರಿಕಾದ ಈ ಪಾಠವನ್ನು ಹಿಡಿದು ಇಲ್ಲಿ ಕೂತಿರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸುತ್ತೇನೆ. ನೇಪಾಳದ ಅಂತರ್ಯುದ್ಧ 2006ರಲ್ಲಿ ಮುಗಿಯಿತು. ಅಲ್ಲಿಯ ಸತ್ಯ ಆಯೋಗದ ಕಾಯ್ದೆಯಲ್ಲಿದ್ದ ಕ್ಷಮಾದಾನದ ಅಂಶಗಳನ್ನು 2015ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. 2024ರ ಆಗಸ್ಟ್‌ನಲ್ಲಷ್ಟೇ ಸಂಸತ್ತು ಹೊಸ ತಿದ್ದುಪಡಿ ತಂದಿದೆ. ಆ ಕಾಯ್ದೆಯನ್ನು ತೆಗೆದು ಓದಿ. ಪರಿಹಾರದ ತೀರ್ಮಾನ ಸರ್ಕಾರವನ್ನು ಕಟ್ಟಿಹಾಕುವಂಥದ್ದೇ, ಅದಕ್ಕೆ ಬಜೆಟ್ಟಿನಲ್ಲಿ ಪ್ರತಿ ವರ್ಷ ಎಷ್ಟು ಹಣ ಇಡಲಾಗುತ್ತಿದೆ, ಕ್ಷಮೆ ಸಿಗದವನ ಕಡತ ಎಷ್ಟು ದಿನದೊಳಗೆ ನ್ಯಾಯಾಲಯ ಸೇರಬೇಕೆಂದು ಎಲ್ಲಿ ಬರೆದಿದೆ ಎಂದು ಮೊದಲು ನೋಡಿ. ಕ್ಷಮಾದಾನದ ಕಲಮುಗಳನ್ನು ಆಮೇಲೆ ಓದಿದರೆ ಸಾಕು.